ಕಾಯಿಲೆ ಬಾರದ ವರ್ಷದ ಖರ್ಚು ಬೆಕ್ಕಿನ ಬಜೆಟ್ ಆಗದು

ತುಮಕೂರಿನ ನನ್ನ ಚಿಕಿತ್ಸಾಲಯಕ್ಕೆ ಬೆಕ್ಕನ್ನು ತರುವವರಲ್ಲಿ ಅನೇಕರು ಅದರ ವರ್ಷದ ಖರ್ಚನ್ನು ಬಾಯಲ್ಲೇ ಹೇಳಬಲ್ಲರು. ತಿಂಗಳ ಆಹಾರದ ಹಣವನ್ನು ಹನ್ನೆರಡರಿಂದ ಗುಣಿಸಿ, ಲಸಿಕೆಯದ್ದನ್ನು ಕೂಡಿಸಿದರೆ ಅವರ ಲೆಕ್ಕ ಮುಗಿಯಿತು. "ಹೋದ ವರ್ಷ ಇಷ್ಟೇ ಆಗಿತ್ತು ಡಾಕ್ಟ್ರೇ" ಎಂಬ ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಹೋದ ವರ್ಷ ಆ ಬೆಕ್ಕಿಗೆ ಕಾಯಿಲೆಯೇ ಬಂದಿರಲಿಲ್ಲ.

ಆಹಾರದ ಲೆಕ್ಕ ಸುಲಭದ್ದು. ನಾಲ್ಕು ಕಿಲೋ ತೂಗುವ ಬೆಕ್ಕು ದಿನಕ್ಕೆ ಸುಮಾರು 55 ಗ್ರಾಂ ಒಣ ಆಹಾರ ತಿಂದರೆ ವರ್ಷಕ್ಕೆ 20 ಕಿಲೋ ಬೇಕಾಗುತ್ತದೆ. ಕಿಲೋಗೆ 400 ರೂಪಾಯಿ ಎಂದು ಹಿಡಿದರೆ 8,000 ರೂಪಾಯಿ. ಬರೀ ಹಾಲು ಅನ್ನದಲ್ಲಿ ಸಾಕುವುದು ಉಳಿತಾಯವಲ್ಲ: ಮಾಂಸಾಹಾರದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದ ಬೆಕ್ಕಿನ ಕಣ್ಣು ಮತ್ತು ಹೃದಯ ಎರಡೂ ಕಾಲಕ್ರಮೇಣ ಕೆಡುತ್ತವೆ. ಲಸಿಕೆ, ಜಂತುಹುಳುವಿನ ಔಷಧ, ಸಂತಾನಹರಣ ಶಸ್ತ್ರಚಿಕಿತ್ಸೆ ಇವೆಲ್ಲ ಮೊದಲೇ ಗೊತ್ತಿರುವ ಖರ್ಚುಗಳು. ಹೆಣ್ಣುಬೆಕ್ಕಿನ ಗರ್ಭಾವಸ್ಥೆ ಸುಮಾರು ಒಂಬತ್ತು ವಾರ ಮಾತ್ರ. ಶಸ್ತ್ರಚಿಕಿತ್ಸೆಯನ್ನು ಮುಂದೂಡುವವರು ಮರಿಗಳ ಖರ್ಚನ್ನೂ ಸೇರಿಸಿಕೊಳ್ಳಲಿ.

ಗೊತ್ತಿಲ್ಲದ ಖರ್ಚು ಬೇರೆ ರೀತಿಯದು. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ, ಲೋಳೆ ಸೇರಿ ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಒಂದೆರಡು ದಿನಗಳಲ್ಲಿ ಹೃದಯವೇ ನಿಲ್ಲಬಹುದು. ತನ್ನ ಬೆಕ್ಕಿನ ಖರ್ಚನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಶಿಸ್ತಾಗಿ ಬರೆದಿಡುತ್ತಿದ್ದ ನಿವೃತ್ತ ಮೇಷ್ಟರೊಬ್ಬರು, ಅದು ಮಲಮೂತ್ರಕ್ಕೆಂದು ಮಣ್ಣು ಹಾಕಿಟ್ಟ ತಟ್ಟೆಯಲ್ಲಿ ಕುಳಿತು ತಿಣುಕುವುದನ್ನು ಕಂಡು ಮಲಬದ್ಧತೆ ಎಂದು ತಿಳಿದು, ಎಣ್ಣೆ ಕುಡಿಸಿ, ಎರಡು ದಿನ ಕಾದಿದ್ದರು. ಮೂತ್ರ ಹೊರತೆಗೆಯುವ ಕೊಳವೆ (ಕ್ಯಾಥೆಟರ್), ಡ್ರಿಪ್, ರಕ್ತಪರೀಕ್ಷೆ, ಹಲವು ದಿನದ ಒಳರೋಗಿ ಆರೈಕೆ ಎಲ್ಲ ಸೇರಿ ಅವರ ಪುಸ್ತಕದ ಇಡೀ ವರ್ಷದ ಮೊತ್ತವನ್ನು ಮೀರಿತು. ಬೆಕ್ಕು ಉಳಿಯಿತು, ಆದರೆ ಹಣಕ್ಕಾಗಿ ಅವರು ಮಗನಿಗೆ ಫೋನ್ ಮಾಡುವಾಗ ಪಟ್ಟ ಸಂಕೋಚವನ್ನು ನೋಡಲು ನನಗೆ ಕಷ್ಟವಾಯಿತು. ಅಂಥ ಪ್ರೀತಿಯ ಜನರಿಗೆ ಆ ಸ್ಥಿತಿ ಬರಬಾರದು.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ: ಬೆಕ್ಕಿನ ಖರ್ಚು ತಿಂಗಳು ತಿಂಗಳಿಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಮೂರು ವರ್ಷ ಏನೂ ಇಲ್ಲದೆ, ನಾಲ್ಕನೆಯ ವರ್ಷ ಒಂದೇ ವಾರದಲ್ಲಿ ಬರಬಹುದು. ಒಳ್ಳೆಯ ಮಳೆಯಾದ ಒಂದು ವರ್ಷದ ಇಳುವರಿಯನ್ನು ನೋಡಿ ಪಾವಗಡದ ರೈತ ಮುಂದಿನ ವರ್ಷದ ಸಂಸಾರವನ್ನು ಲೆಕ್ಕ ಹಾಕುವುದಿಲ್ಲ. ಬೆಕ್ಕು ನೋವನ್ನು ಅಡಗಿಸಿಕೊಳ್ಳುವ ಪ್ರಾಣಿಯಾದ್ದರಿಂದ ನಿಮಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಮುಂದುವರಿದಿರುತ್ತದೆ, ಚಿಕಿತ್ಸೆಯ ವೆಚ್ಚವೂ ಏರಿರುತ್ತದೆ. ಕೆಲವು ಸಂದರ್ಭಗಳಲ್ಲಿ ಹೆಚ್ಚಿನ ಆರೈಕೆಗಾಗಿ ನಾನು ಬೆಂಗಳೂರಿಗೆ ಕಳುಹಿಸಬೇಕಾಗುತ್ತದೆ. ರಾತ್ರಿ ಹೊತ್ತಿನಲ್ಲಿ ಎಪ್ಪತ್ತು ಕಿಲೋಮೀಟರ್ ದೂರದ ಕಾರಿನ ಬಾಡಿಗೆಯೂ ಈ ಲೆಕ್ಕದೊಳಗೇ ಇರಬೇಕು.

ಎಷ್ಟು ತೆಗೆದಿಡಬೇಕೆಂದು ಖಚಿತವಾಗಿ ಹೇಳುವುದು ಕಷ್ಟ. ಬೆಕ್ಕಿನ ವಯಸ್ಸು, ಕಾಯಿಲೆ, ಚಿಕಿತ್ಸೆಯ ದರಗಳನ್ನು ಅದು ಅವಲಂಬಿಸಿದೆ. ಕನಿಷ್ಠ ಒಂದು ವರ್ಷದ ಆಹಾರದ ಮೊತ್ತದಷ್ಟನ್ನಾದರೂ, ಅಂದರೆ ಮೇಲಿನ ಲೆಕ್ಕದಂತೆ ತಿಂಗಳಿಗೆ 700 ರೂಪಾಯಿಯಷ್ಟನ್ನು, ಪ್ರತ್ಯೇಕವಾಗಿ ಇಡಿ ಎಂಬುದು ನನ್ನ ಸಲಹೆ. ವರ್ಷಾಂತ್ಯಕ್ಕೆ ಅದು ಖರ್ಚಾಗದೆ ಉಳಿದರೆ ಹಬ್ಬದ ಬಟ್ಟೆಗೆ ತೆಗೆಯದೆ ಮುಂದಿನ ವರ್ಷಕ್ಕೆ ಸೇರಿಸಿ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಮೂತ್ರಪಿಂಡದ ತೊಂದರೆ ಸಾಮಾನ್ಯವಾದ್ದರಿಂದ ಆಗ ಇನ್ನೂ ಹೆಚ್ಚು ಬೇಕಾದೀತು. ಈ ಹಣವನ್ನು ಚೀಟಿಗೆ ಹಾಕಬೇಡಿ. ಐದು ವರ್ಷದ ಅಂಚೆ ಆರ್‌ಡಿ ಕೂಡ ಬೇಕೆಂದ ರಾತ್ರಿ ಕೈಗೆ ಬರುವುದಿಲ್ಲ. ಸಾಮಾನ್ಯ ಉಳಿತಾಯ ಖಾತೆಯಲ್ಲಿ ಇಟ್ಟು, ಅದನ್ನು ತೆಗೆಯುವ ಬಗೆ ಮನೆಯ ಇನ್ನೊಬ್ಬರಿಗೂ ತಿಳಿದಿರುವಂತೆ ನೋಡಿಕೊಳ್ಳಿ.