ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಾಣಲಿಲ್ಲ, ಮತ್ತೆ ಎಂಆರ್‌ಸಿಪಿ ಯಾಕೆ?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ಅಮ್ಮನ ಪಿತ್ತಕೋಶ ತೆಗೆಸಿ ಎರಡು ವರ್ಷ ಆಯಿತು. ಈಗ ಮತ್ತೆ ಹೊಟ್ಟೆನೋವು, ಕಣ್ಣು ಹಳದಿ. ಮಡಿಕೇರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ಕಲ್ಲಿಲ್ಲ, ಆದರೆ ಪಿತ್ತನಾಳ ಅಗಲವಾಗಿದೆ ಎಂದು ಬರೆದಿದ್ದಾರೆ. ಮೈಸೂರಿಗೆ ಹೋಗಿ ಎಂಆರ್‌ಸಿಪಿ ಮಾಡಿಸಿ ಅಂತಾರೆ ಡಾಕ್ಟರು. ನಿಜವಾಗಿ ಬೇಕಾ?

ಉತ್ತರ: ಬೇಕು. ಆ ರಿಪೋರ್ಟಿನಲ್ಲಿ ‘ಕಲ್ಲಿಲ್ಲ’ ಅನ್ನುವುದಕ್ಕಿಂತ ‘ನಾಳ ಅಗಲ’ ಅನ್ನುವುದೇ ಮುಖ್ಯ.

ಪಿತ್ತಕೋಶ ಬರೀ ಒಂದು ಚೀಲ. ಪಿತ್ತರಸ ಹುಟ್ಟುವುದು ಲಿವರ್‌ನಲ್ಲಿ, ಅಲ್ಲಿಂದ ಒಂದು ನಾಳದ ಮೂಲಕ ಸಣ್ಣಕರುಳಿಗೆ ಇಳಿಯುತ್ತದೆ. ಚೀಲ ತೆಗೆದರೂ ನಾಳ ಉಳಿಯುತ್ತದೆ, ಅಲ್ವಾ? ಆಪರೇಷನ್‌ಗೆ ಮೊದಲೇ ಜಾರಿದ ಕಲ್ಲು ಅದರಲ್ಲಿ ಕೂತಿರಬಹುದು, ಹೊಸದಾಗಿ ಕಟ್ಟಿರಲೂಬಹುದು. ನಾಳದ ಕೆಳತುದಿಗೆ ಅಡ್ಡವಾಗಿ ಗ್ಯಾಸ್ ತುಂಬಿದ ಕರುಳಿದೆ. ನೀವು ಮಾಡಿಸಿದ ಸ್ಕ್ಯಾನಿಂಗ್‌ಗೆ, ಅಂದರೆ ಅಲ್ಟ್ರಾಸೌಂಡ್‌ಗೆ, ಗ್ಯಾಸ್ ಅಂದರೆ ನಮ್ಮ ಜುಲೈ ತಿಂಗಳ ಮಂಜು, ಆಚೆಗೇನೂ ಕಾಣದು. ಪಿತ್ತಕೋಶ ತೆಗೆಸಿದವರಲ್ಲಿ ನಾಳ ತುಸು ಹಿಗ್ಗುವುದು ಮಾಮೂಲಿ. ಆದರೆ ಕಣ್ಣೂ ಹಳದಿಯಾಗಿ, ರಕ್ತದಲ್ಲಿ ಬಿಲಿರುಬಿನ್ (ಪಿತ್ತದ ಹಳದಿ ಅಂಶ), ಆಲ್ಕಲೈನ್ ಫಾಸ್ಫಟೇಸ್ (ಪಿತ್ತ ಕಟ್ಟಿಕೊಂಡಾಗ ಏರುವ ಕಿಣ್ವ) ಏರಿದ್ದರೆ ಸುಮ್ನೆ ಬಿಡುವ ಹಾಗಿಲ್ಲ.

ಎಂಆರ್‌ಸಿಪಿ ಅಂದರೆ ಎಂಆರ್‌ಐ ಯಂತ್ರದಲ್ಲೇ ತೆಗೆಯುವ ಪಿತ್ತನಾಳದ ಚಿತ್ರ. ಎಕ್ಸ್‌ರೇ ಇಲ್ಲ, ನೋವಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ತೀರಾ ಸಣ್ಣ ಕಲ್ಲು ಇದರ ಕಣ್ಣೂ ತಪ್ಪಿಸಬಹುದು. ಆಗ ಬಾಯಿಯಿಂದ ಇಳಿಸುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ.

‘ನೇರವಾಗಿ ಇಆರ್‌ಸಿಪಿ ಮಾಡಿಬಿಡಲಿ’ ಎಂದು ಕೆಲವರು ಕೇಳುತ್ತಾರೆ. ಅದು ಕಲ್ಲು ತೆಗೆಯುವ ವಿಧಾನ. ಬಾಯಿಯಿಂದ ಟ್ಯೂಬ್ ಇಳಿಸಿ, ನಾಳದ ಬಾಯಿಯನ್ನು ಸ್ವಲ್ಪ ಸೀಳಿ, ಬಲೂನಿನಿಂದಲೋ ಪುಟ್ಟ ತಂತಿಬುಟ್ಟಿಯಿಂದಲೋ ಕಲ್ಲನ್ನು ಕರುಳಿಗೆ ಎಳೆಯುತ್ತಾರೆ. ಹಾಗೆ ಸೀಳುವುದು 1974ರಿಂದಲೂ ನಡೆದಿದೆ. ಹೊಟ್ಟೆ ಕೊಯ್ಯುವುದಿಲ್ಲ ನಿಜ, ಆದರೆ 100 ಜನರಲ್ಲಿ ಕೆಲವರಿಗೆ ಇದರಿಂದಲೇ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಳ್ಳುತ್ತದೆ, ರಕ್ತಸ್ರಾವವೂ ಆಗಬಹುದು. ಬರೀ ಅನುಮಾನಕ್ಕೆ ಯಾಕೆ ಆ ಅಪಾಯ? ಅದಕ್ಕೇ ಮೊದಲು ಚಿತ್ರ. ಆದರೆ ಕಲ್ಲು ಖಚಿತವಾದರೆ ಇಆರ್‌ಸಿಪಿಗೆ ಹಿಂಜರಿಯಬೇಡಿ. ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ.

ಬಾಳೆದಿಂಡಿನ ರಸ ಕುಡಿಸಿ ಎನ್ನುವವರು ಖಂಡಿತ ಸಿಗುತ್ತಾರೆ. ಅದನ್ನು ಜನ ಕುಡಿಯುವುದು ಕಿಡ್ನಿ ಕಲ್ಲಿಗೆ. ಇದು ಬೇರೆ ಕಲ್ಲು, ಬೇರೆ ದಾರಿ. ಕಾಮಾಲೆಯ ನಾಟಿ ಮದ್ದಿನಿಂದಲೂ ಕಟ್ಟಿಕೊಂಡ ನಾಳ ತೆರೆಯುವುದಿಲ್ಲ.

ಈ ನಡುವೆ ಮೈ ನಡುಗುವಷ್ಟು ಚಳಿಜ್ವರ ಬಂದರೆ ನಾಳದಲ್ಲಿ ಸೋಂಕು ಆಗಿರಬಹುದು. ಆಗ ಸ್ಕ್ಯಾನ್ ದಿನಾಂಕಕ್ಕೆ ಕಾಯಬೇಡಿ. ರಾತ್ರಿಯಾಗಲಿ, ಮಳೆಯಾಗಲಿ, ತಕ್ಷಣ ಹತ್ತಿರದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಆಂಟಿಬಯೋಟಿಕ್ ಶುರುವಾಗಲಿ. ಮೈಸೂರಿಗೆ ಯಾವಾಗ ಕಳಿಸುವುದು ಎಂದು ಅವರೇ ಹೇಳುತ್ತಾರೆ.