ವಪೆ: ಉಸಿರಿಗೂ ಬೆನ್ನಿಗೂ ಬೇಕಾದ ಸ್ನಾಯು

ಎದೆಗೂಡಿಗೂ ಹೊಟ್ಟೆಗೂ ನಡುವೆ ಅಡ್ಡಲಾಗಿರುವ, ಗುಮ್ಮಟದಾಕಾರದ ತೆಳುವಾದ ಸ್ನಾಯುವೇ ವಪೆ. ಶಾಲೆಯ ಪಾಠದಲ್ಲಿ ಅದು ಉಸಿರಾಟದ ಅಧ್ಯಾಯದಲ್ಲಿ ಬಂದು ಅಲ್ಲಿಗೇ ಮುಗಿಯುತ್ತದೆ. ಭಾರ ಎತ್ತುವವರಿಗೆ ಮಾತ್ರ ಅದರ ಇನ್ನೊಂದು ಕೆಲಸವೂ ಅಷ್ಟೇ ಮುಖ್ಯ.

ಉಸಿರು ಎಳೆದುಕೊಂಡಾಗ ವಪೆ ಬಿಗಿದು ಕೆಳಗಿಳಿಯುತ್ತದೆ. ಸುಮ್ಮನೆ ಕುಳಿತಿರುವಾಗ ಒಂದೆರಡು ಸೆಂಟಿಮೀಟರ್, ಆಳವಾಗಿ ಎಳೆದರೆ ಅದರ ಹಲವು ಪಟ್ಟು. ಕೆಳಗಿನ ಅಂಗಗಳು ಒತ್ತಿ ಹೊಟ್ಟೆ ಮುಂದಕ್ಕೂ ಪಕ್ಕಕ್ಕೂ ಉಬ್ಬುತ್ತದೆ. ಆಗಲೇ ಹೊಟ್ಟೆಯ ಸುತ್ತಲಿನ ಸ್ನಾಯುಗಳನ್ನೂ ಬಿಗಿಹಿಡಿದರೆ ಒಳಗಿನ ಒತ್ತಡ ಏರಿ, ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ನಡು ಗಟ್ಟಿಯಾಗುತ್ತದೆ. ಬೆನ್ನುಮೂಳೆಗೆ ಮುಂದಿನಿಂದ ಆಸರೆ ಸಿಗುತ್ತದೆ.

ಮಂಡ್ಯದ ಕಡೆ ಕಬ್ಬಿನ ಹೊರೆ ಎತ್ತುವ ಅನುಭವಸ್ಥರನ್ನು ಗಮನಿಸಿ. ಮಂಡಿ ಮಡಿಸಿ, ಹೊರೆಯನ್ನು ಮೈಗೆ ಒತ್ತಿಕೊಂಡು, ಒಮ್ಮೆ ಉಸಿರು ಎಳೆದು ದಮ್ಮು ಕಟ್ಟುತ್ತಾರೆ. ಮುಕ್ಕಾಲು ಪಾಲು ಎದ್ದ ಮೇಲೆ ‘ಹೂಂ’ ಎಂದು ಬಿಡುತ್ತಾರೆ. ಹೀಗೆ ಗಂಟಲು ಮುಚ್ಚಿ ತಿಣುಕುವುದಕ್ಕೆ ವೈದ್ಯರು ಇಟಲಿಯ ಅಂಗರಚನಾಶಾಸ್ತ್ರಜ್ಞ ವಾಲ್ಸಾಲ್ವಾ (1666–1723) ಅವರ ಹೆಸರು ಹೇಳುತ್ತಾರೆ. ಆ ಗಳಿಗೆಯಲ್ಲಿ ರಕ್ತದೊತ್ತಡ ಜಿಗಿಯುತ್ತದೆ. ಬಿ.ಪಿ. ಅಥವಾ ಹರ್ನಿಯಾ ಇರುವವರು ದಮ್ಮು ಕಟ್ಟದೆ, ಏಳುತ್ತಲೇ ಉಸಿರು ಬಿಡುವುದು ಕ್ಷೇಮ. ಭಾರ ಎತ್ತಬಹುದೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಇಷ್ಟೆಲ್ಲ ನಡೆಯಬೇಕಾದರೆ ಮೈಯ ಭಂಗಿ ಸರಿಯಿರಬೇಕು. ‘ಎದೆ ಉಬ್ಬಿಸು, ಹೊಟ್ಟೆ ಒಳಗೆಳೆದುಕೋ’ ಎಂಬ ಬುದ್ಧಿವಾದ ಮೈಸೂರಿನ ಜಿಮ್‌ಗಳಲ್ಲೂ ಧಾರಾಳವಾಗಿ ಸಿಗುತ್ತದೆ. ಫೋಟೊಗೆ ಅದು ಚೆನ್ನ, ಬಸ್ಕಿಗೆ ಅಲ್ಲ. ಹೊಟ್ಟೆ ಒಳಗೆಳೆದರೆ ವಪೆ ಇಳಿಯಲು ಜಾಗವಿಲ್ಲದೆ ಉಸಿರು ಎದೆಯ ಮೇಲ್ಭಾಗಕ್ಕೆ ಏರುತ್ತದೆ. ಕತ್ತಿನ ಸ್ನಾಯುಗಳು ದುಡಿಯತೊಡಗುತ್ತವೆ. ಎದೆಯನ್ನು ಅತಿಯಾಗಿ ಎತ್ತಿದರೆ ಪಕ್ಕೆಲುಬು ಮುಂದೆ ಚಾಚಿ ಸೊಂಟ ಬಾಗುತ್ತದೆ, ಒತ್ತಡ ಹಿಡಿದಿಡುವುದು ಕಷ್ಟವಾಗುತ್ತದೆ. ಕೆಳಪಕ್ಕೆಲುಬುಗಳು ಸೊಂಟದ ಮೂಳೆಯ ನೇರಕ್ಕಿದ್ದರೆ ಸಾಕು.

ಅಂಗಾತ ಮಲಗಿದರೆ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ತಳ್ಳುವುದರಿಂದ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ನಿಂತಾಗಿನದಕ್ಕಿಂತ ಕಡಿಮೆ. ಸೂರ್ಯನಮಸ್ಕಾರದಲ್ಲಿ ಮುಂದಕ್ಕೆ ಬಾಗುವಾಗ ಉಸಿರು ಬಿಡುವುದಕ್ಕೂ ಹೆಚ್ಚುಕಡಿಮೆ ಇದೇ ಕಾರಣ: ಮಡಚಿದ ಹೊಟ್ಟೆ ವಪೆಯನ್ನು ಮೇಲಕ್ಕೊತ್ತುತ್ತದೆ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಕಲಿಸಿ, ಶಿಷ್ಯ ಪಟ್ಟಾಭಿ ಜೋಯಿಸರು ಬೆಳೆಸಿದ ಪದ್ಧತಿಯಲ್ಲಿ ಒಂದೊಂದು ಚಲನೆಗೂ ಇಂಥದೇ ಉಸಿರೆಂದು ಗೊತ್ತುಮಾಡಲಾಗಿದೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ನಂದಿಯ ಬಳಿ ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತರೆ ‘ನೆಟ್ಟಗೆ ನಿಲ್ಲು’ ಎಂದು ಗದರುವವರುಂಟು. ಗದರಬೇಕಾದ್ದೇನಿಲ್ಲ. ತೋಳುಗಳಿಗೆ ಆಸರೆ ಸಿಕ್ಕಿದ್ದರಿಂದ ಭುಜದ ಸ್ನಾಯುಗಳು ಉಸಿರಿಗೆ ನೆರವಾಗುತ್ತವೆ, ವಪೆಯೂ ಚೆನ್ನಾಗಿ ಆಡುತ್ತದೆ. ಒಂದೆರಡು ನಿಮಿಷ ಹಾಗೆಯೇ ನಿಂತು, ಮೂಗಿನಲ್ಲಿ ಎಳೆದು ಬಾಯಲ್ಲಿ ನಿಧಾನವಾಗಿ ಬಿಟ್ಟು, ಆಮೇಲೆ ಮುಂದಿನ ಮೆಟ್ಟಿಲು ಹತ್ತಬಹುದು.