ಹಾಡು ಕೇಳಲು ಬಂದವರು ಮನೆ ಕೇಳಿದರು

ಮಂಡ್ಯದಲ್ಲೋ ಮೈಸೂರಿನಲ್ಲೋ ಟಿವಿ ರಿಯಾಲಿಟಿ ಶೋದ ಆಡಿಷನ್ ಇದೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಇಲ್ಲಿನ ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ನಾಟಕ, ರಂಗಗೀತೆ ಹೇಳಿಕೊಡುತ್ತ ಹದಿನೈದು ವರ್ಷಕ್ಕೂ ಹೆಚ್ಚು ಕಳೆದಿದ್ದೇನೆ. ಆ ಪರಿಚಯದ ಮೇಲೆ ಅಪ್ಪ ಅಮ್ಮಂದಿರು ಕೇಳುತ್ತಾರೆ: 'ಕರ್ಕೊಂಡು ಹೋಗದಾ ಮೇಷ್ಟ್ರೆ, ಬ್ಯಾಡ್ವಾ?' ಹೋಗಿ ಅಥವಾ ಬೇಡ ಎಂದು ಹೇಳಿ ಫೋನಿಡುವಷ್ಟು ಸಲೀಸಾಗಿ ಆ ಪ್ರಶ್ನೆ ಈಗ ಉಳಿದಿಲ್ಲ.

2025ರ ಅಕ್ಟೋಬರ್ ಆದಮೇಲಂತೂ ಗೋಜಲು ಹೆಚ್ಚಿತು. ಬಿಡದಿಯಲ್ಲಿ ಬಿಗ್ ಬಾಸ್ ಮನೆ ಇದ್ದ ಸ್ಟುಡಿಯೋಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬೀಗ ಬಿತ್ತು. ಸ್ಪರ್ಧಿಗಳನ್ನು ರೆಸಾರ್ಟಿಗೆ ಸಾಗಿಸಿದರು, ಕೆಲವೇ ದಿನಗಳಲ್ಲಿ ಬೀಗ ತೆಗೆದು ಆಟ ಮುಂದುವರಿಯಿತು. ನಮ್ಮ ಕಡೆಯ ಹೋಟೆಲುಗಳಲ್ಲಿ ಇದನ್ನು 'ಸಂಸ್ಕೃತಿ ಹಾಳು ಮಾಡ್ತಾರೆ ಅಂತ ನಿಲ್ಲಿಸಿದ್ರು' ಎಂದು ಮಾತಾಡಿಕೊಂಡವರನ್ನು ನಾನೇ ಕೇಳಿದ್ದೇನೆ. ಆದರೆ ಆ ಆದೇಶದಲ್ಲಿದ್ದದ್ದು ಕೊಳಚೆ ನೀರಿನ ಸಂಸ್ಕರಣೆ ಮತ್ತು ಅನುಮತಿ ಪತ್ರಗಳ ವಿಚಾರ. ಮಕ್ಕಳ ಸ್ಪರ್ಧೆಯ ಪ್ರಶ್ನೆ ಬೇರೆ, ವೋಟಿನ ಪ್ರಶ್ನೆ ಬೇರೆ, ಗೆದ್ದ ಹಣದ ಪ್ರಶ್ನೆ ಬೇರೆ. 'ರಿಯಾಲಿಟಿ ಶೋ' ಎಂಬ ಒಂದೇ ಚೀಲಕ್ಕೆ ಎಲ್ಲ ಕಾಳನ್ನೂ ಸುರಿದಿದ್ದೇವೆ. ಗೊತ್ತಿರುವುದನ್ನು ಕೇಳುವ ಆಟ, ಬರುವುದನ್ನು ಮಾಡಿಸಿ ನೋಡುವ ಸ್ಪರ್ಧೆ, ಬದುಕುವುದನ್ನೇ ನೋಡುವ ಮನೆ, ಈ ಮೂರೂ ಬೇರೆ ಬೇರೆ ಹೊತ್ತಿನಲ್ಲಿ ನಮ್ಮ ನಡುಮನೆಗೆ ಬಂದವು.

ಸ್ಪರ್ಧೆಯನ್ನೂ ವೇದಿಕೆಯನ್ನೂ ಈ ಸೀಮೆಗೆ ಕಲಿಸಿಕೊಡಲು ಟಿವಿಯೇ ಬರಬೇಕಿರಲಿಲ್ಲ. ಮಂಡ್ಯದ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವವರು ಪಾತ್ರಕ್ಕೆ ತಾವೇ ದುಡ್ಡು ಕಟ್ಟುತ್ತಾರೆ. ದುರ್ಯೋಧನ, ಕೃಷ್ಣನಿಗೆ ಹೆಚ್ಚು, ಚಿಕ್ಕ ಪಾತ್ರಕ್ಕೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು ನಡೆಸುತ್ತಾರೆ. ಬೇಸಾಯಕ್ಕೆಂದು ಇಟ್ಟ ಹಣ ಕಿರೀಟದ ಬಾಡಿಗೆಗೆ ಹೋದ ಮನೆಗಳೂ ಇವೆ. ಕಂದ ಪದ್ಯ ಎತ್ತಿದಾಗ 'ಒನ್ಸ್ ಮೋರ್' ಬಿದ್ದರೆ, ಯಾರೋ ಬಂದು ನೋಟಿನ ಹಾರ ಹಾಕಿದರೆ, ಅದೇ ತೀರ್ಪು. ಮೈಸೂರಾದರೋ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದ ಊರು. 'ಆಕಾಶವಾಣಿ' ಎಂಬ ಹೆಸರು ಇಲ್ಲಿಂದ ಹೊರಟದ್ದು. ದನಿಯನ್ನು ದೂರಕ್ಕೆ ಕಳಿಸುವ ಆಸೆ ಇಲ್ಲಿನ ಮಣ್ಣಿನಲ್ಲೇ ಇತ್ತು.

ರೇಡಿಯೋ ಕ್ವಿಜ್, ದೂರದರ್ಶನದ ಕಾಲ, 1994ರಲ್ಲಿ ಉದಯ ಟಿವಿ, 2000ದ ಕೊನೆಗೆ ಈಟಿವಿ ಕನ್ನಡ, ಇವನ್ನು ಒಂದೇ ಉಸಿರಿನಲ್ಲಿ ದಾಟಿಬಿಡಬಹುದು. ದಿಕ್ಕು ಬದಲಾದದ್ದು 2000ದ ಜುಲೈನಲ್ಲಿ. ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ಆಟವೊಂದು ಅಮಿತಾಭ್ ಬಚ್ಚನ್ ಅವರ ಮೂಲಕ ಹಿಂದಿಗೆ ಬಂತು, ಪ್ರಶ್ನೆಗೆ ಉತ್ತರ ಹೇಳಿದರೆ 1 ಕೋಟಿ ಎಂದಿತು. ಕನ್ನಡದಲ್ಲಿ ಅದೇ ಆಟ 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ'ಯಾಯಿತು. ಇವೆರಡರ ನಡುವೆ, 2002ರ ಜನವರಿಯಲ್ಲಿ, ಬೆಂಗಳೂರು ದೂರದರ್ಶನದ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಶುರುವಾಗಿತ್ತು. ಸರಿ ಉತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ಸದ್ದಿಲ್ಲದೆ ಅದು 3,000 ಕಂತು ದಾಟಿತು. ಅಲ್ಲಿ ಗೆದ್ದ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟ ಮೇಷ್ಟ್ರೊಬ್ಬರ ಮನೆ ಶ್ರೀರಂಗಪಟ್ಟಣದ ಬಳಿ ಇದೆ. ನಮ್ಮ ಟಿವಿಯ ಇತಿಹಾಸದಲ್ಲಿ ಅದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

ಗೊತ್ತಿರುವುದನ್ನು ಕೇಳುವ ಆಟದ ಪಕ್ಕದಲ್ಲೇ ಬರುವುದನ್ನು ತೋರಿಸುವ ಸ್ಪರ್ಧೆ ಬೆಳೆಯಿತು. ಹಿಂದಿಯಲ್ಲಿ 1995ರಲ್ಲಿ 'ಸ ರಿ ಗ ಮ' ಬಂದಿತ್ತು. ಕನ್ನಡದ ಮನೆಗಳು ಮೊದಲು ಮನಸೋತದ್ದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೂತಿದ್ದ 'ಎದೆ ತುಂಬಿ ಹಾಡುವೆನು'ಗೆ. ಎಲ್ಲಿ ಶ್ರುತಿ ಜಾರಿತು, ಯಾವ ಅಕ್ಷರ ಒಡೆಯಿತು ಎಂದು ಅವರು ಹೇಳುವಾಗ ಮನೆಯಲ್ಲಿ ಕೂತವರೂ ಕಲಿಯುತ್ತಿದ್ದರು. ಆ ಕಾಲದಲ್ಲಿ ಸ್ಪರ್ಧೆಗೆ ಹೊರಟ ಮಗುವಿಗೆ ನಾವು ಹೇಳುತ್ತಿದ್ದ ಮಾತು ಒಂದೇ: ಇನ್ನೊಂದು ಸಲ ಹಾಡು. ಮೈಸೂರಿನ ವಿಜಯ್ ಪ್ರಕಾಶ್ ಹಿಂದಿಯ ಸ್ಪರ್ಧೆಯಿಂದ ಬೆಳಕಿಗೆ ಬಂದು, ಮುಂದೆ ಕನ್ನಡದ 'ಸರಿಗಮಪ'ದಲ್ಲಿ ತೀರ್ಪುಗಾರರ ಕುರ್ಚಿಯಲ್ಲಿ ಕೂತದ್ದನ್ನು ನೋಡಿದ ಊರಿದು. ಹಾಡಿನ ಪಾಠಕ್ಕೆ ಸೇರುವ ಮಕ್ಕಳ ಸಾಲು ಉದ್ದವಾಗಿದ್ದು ಸಹಜವೇ.

ನಾನು ಹತ್ತಿರದಿಂದ ಕಂಡದ್ದು ಇದರ ನಂತರದ ಘಟ್ಟ. 2010ರಿಂದ ಆಚೆಗಿನ ವರ್ಷಗಳು.

2010ರ ಹೊತ್ತಿಗೆ 'ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು' ಬಂತು. ಹಟ್ಟಿ ಗುಡಿಸಿ, ಸಗಣಿ ತಟ್ಟಿ, ಹಾಲು ಕರೆಯಲು ಒದ್ದಾಡುವ ಪೇಟೆಯ ಹುಡುಗಿಯರನ್ನು ಇಡೀ ನಾಡು ನೋಡಿತು. ನಮ್ಮ ಹಳ್ಳಿಯ ಹೆಂಗಸರು ದಿನವೂ ಮಾಡುವ ಕೆಲಸ 'ಟಾಸ್ಕ್' ಆಯಿತು. ಅದರ ಹಿಂದೆಯೇ ಬಂದದ್ದು 'ಹಳ್ಳಿ ಹೈದ ಪ್ಯಾಟೆಗ್ ಬಂದ'. ಕಾಡಂಚಿನ, ಹಳ್ಳಿಗಾಡಿನ ಹುಡುಗರನ್ನು ನಗರಕ್ಕೆ ಕರೆತಂದು, ಲಿಫ್ಟು, ಮಾಲು, ಡಿಸ್ಕೋಗಳ ನಡುವೆ ನಿಲ್ಲಿಸಿ, ಅವರು ತಡವರಿಸುವುದನ್ನು ತೋರಿಸಿದ ಆಟ. ಅದನ್ನು ಗೆದ್ದ ರಾಜೇಶ್ ನಮ್ಮ ಜಿಲ್ಲೆಯವರೇ, ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಹಾಡಿಯವರು. ಹಾಡಿ ಎಂದರೆ ಕಾಡಂಚಿನ ಆದಿವಾಸಿಗಳ ಊರು. ಅವರ ನಗು ಎಲ್ಲರಿಗೂ ಹಿಡಿಸಿತ್ತು. ಮುಂದೆ ನಾಯಕನಾಗಿ ಸಿನಿಮಾ ಮಾಡಿದರು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡರು.

ಇಂಥದ್ದೇ ಕಾರಣ, ಇಂಥವರೇ ಹೊಣೆ ಎಂದು ಬೆರಳು ಮಾಡಲು ಇದನ್ನು ಬರೆಯುತ್ತಿಲ್ಲ. ಒಂದು ಸಾವನ್ನು ಒಂದು ಕಾರ್ಯಕ್ರಮಕ್ಕೆ ಗಂಟುಹಾಕುವ ಅಧಿಕಾರ ನನಗಿಲ್ಲ. ಆದರೆ ಆ ವಾರ ಇಡೀ ಮೈಸೂರು ಕೇಳಿಕೊಂಡ ಪ್ರಶ್ನೆ ನೆನಪಿದೆ: ಹಾಡಿಯಿಂದ ಕರೆತಂದು, ಬೆಳಕಿನಲ್ಲಿ ನಿಲ್ಲಿಸಿ, ಬೆಳಕು ಆರಿದ ಮೇಲೆ ಆ ಹುಡುಗ ನಿಲ್ಲಬೇಕಾದ್ದು ಎಲ್ಲಿ? ಹಾಡಿಯಲ್ಲೋ, ನಗರದಲ್ಲೋ? ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು ಎಂಬುದೇ ಇವತ್ತಿಗೂ ತೀರ್ಮಾನವಾಗಿಲ್ಲ. ಅದೇ 2013ರಲ್ಲಿ ಕನ್ನಡದ ಮೊದಲ ಬಿಗ್ ಬಾಸ್ ಬಂದು ಹೋಗಿತ್ತು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಗಿ, 2006ರಲ್ಲಿ ಹಿಂದಿಗೆ ಬಂದ ಮನೆ ಅದು.

ಆಡಿಷನ್‌ನ ಒಳಗೂ ಈ ಹೊತ್ತಿಗೆ ಏನೋ ಬದಲಾಗಿತ್ತು. ನಮ್ಮ ಶಿಬಿರದ ಒಂದು ಹುಡುಗಿಯನ್ನು ಅವಳ ತಾಯಿಯ ಜೊತೆ ನಾನೇ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ 6ಕ್ಕೆ ಸಾಲಿನಲ್ಲಿ ನಿಂತು, ಒಳಗೆ ಹೋದಾಗ ಮಧ್ಯಾಹ್ನ 3 ದಾಟಿತ್ತು. ಅವಳು ಒಂದು ಪಲ್ಲವಿ, ಅರ್ಧ ಚರಣ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಯುವಕ ತಲೆಯೆತ್ತಿ ಕೇಳಿದ್ದು ಶ್ರುತಿಯ ಬಗ್ಗೆ ಅಲ್ಲ. 'ಅಪ್ಪ ಏನ್ ಮಾಡ್ತಾರೆ? ಮನೇಲಿ ಏನಾದ್ರೂ ಕಷ್ಟ ಇದ್ಯಾ?' ಹುಡುಗಿ ತಾಯಿಯ ಮುಖ ನೋಡಿದಳು. ಕಷ್ಟ ಇತ್ತು. ಆದರೆ ಅದನ್ನು ಆ ಕೋಣೆಯಲ್ಲಿ ಹೇಳಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಯುವಕ ಕೆಟ್ಟವನಾಗಿರಲಿಲ್ಲ, ನೀರು ಕುಡಿತೀಯಾ ಅಂತ ಕೇಳಿದವನೂ ಅವನೇ. ಅವನಿಗೆ 'ಎವಿ' ಬೇಕಿತ್ತು. ಹಾಡಿನ ಮುಂಚೆ ತೋರಿಸುವ ಎರಡು ನಿಮಿಷದ ಜೀವನಕತೆಗೆ ಆ ವಲಯದ ಹೆಸರು ಅದು. ಹುಡುಗಿ ಆಯ್ಕೆಯಾಗಲಿಲ್ಲ. ಮುಂದಿನ ವರ್ಷ ಬೇರೆ ತಾಯಂದಿರು ತಮ್ಮ ಮಕ್ಕಳಿಗೆ ಹಾಡಿನ ಜೊತೆ ಮನೆಯ ಕಷ್ಟವನ್ನೂ ಬಾಯಿಪಾಠ ಮಾಡಿಸಿ ಕರೆತರುತ್ತಿದ್ದುದನ್ನು ಕಂಡೆ. ಅದು ನನಗೆ ಆ ಹುಡುಗಿ ಆಯ್ಕೆಯಾಗದೇ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಹಳ್ಳಿಯ ಕತೆಗೆ ಇದ್ದಕ್ಕಿದ್ದಂತೆ ಬೇಡಿಕೆ ಬಂದದ್ದಕ್ಕೆ ಒಂದು ಲೆಕ್ಕಾಚಾರವೂ ಇದೆ, ಅದನ್ನು ಕಡಿಮೆ ಜನ ಗಮನಿಸಿದ್ದಾರೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕವೇ ಟಿಆರ್‌ಪಿ. ಅದನ್ನು ಎಣಿಸುವ ಪೆಟ್ಟಿಗೆಗಳು ಬಹುಕಾಲ ಪಟ್ಟಣಗಳಲ್ಲಿ ಮಾತ್ರ ಇದ್ದವು. ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ಊರಿಗೆ ಊರೇ ಒಂದು ಕಾರ್ಯಕ್ರಮ ನೋಡಿದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ. 2015ರಲ್ಲಿ ಬಾರ್ಕ್ ಎಂಬ ಹೊಸ ವ್ಯವಸ್ಥೆ ಬಂತು, ಅದೇ ಅಕ್ಟೋಬರ್‌ನಿಂದ ಹಳ್ಳಿಯ ಮನೆಗಳೂ ಎಣಿಕೆಗೆ ಸೇರಿದವು. ಮರುವರ್ಷ, 2016ರಲ್ಲಿ, 'ಕಾಮಿಡಿ ಕಿಲಾಡಿಗಳು' ಬಂತು. ಮೊದಲ ಆವೃತ್ತಿ ಗೆದ್ದವರ ಹೆಸರಿನಲ್ಲೇ ಊರಿದೆ: ಶಿವರಾಜ್ ಕೆ.ಆರ್. ಪೇಟೆ. ಇದೆಲ್ಲ ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಯಾರನ್ನು ಎಣಿಸುತ್ತಾರೋ ಅವರ ಮಾತು ಪರದೆಗೆ ಬರುತ್ತದೆ.

ಅದರಿಂದ ಆದ ಒಳ್ಳೆಯದನ್ನು ಮರೆಯಬಾರದು. ನನ್ನ ಬಾಲ್ಯದಲ್ಲಿ 'ಏನ್ಲಾ', 'ಬಾರ್ಲಾ' ಅಂದರೆ ಮೈಸೂರಿನ ಶಾಲೆಯಲ್ಲಿ ನಗುತ್ತಿದ್ದರು. ಮಂಡ್ಯದ ಮಕ್ಕಳು ಭಾಷೆ ತಿದ್ದಿಕೊಂಡು ಮಾತಾಡುತ್ತಿದ್ದರು. ಈಗ ಅದೇ ಮಾತು ವೇದಿಕೆ ಗೆಲ್ಲುತ್ತದೆ. 2025ರ ಬಿಗ್ ಬಾಸ್ ಮನೆಗೆ ಮಳವಳ್ಳಿ ಕಡೆಯ ಗಿಲ್ಲಿ ನಟ ಹೋದಾಗ ಅವರ ಮಂಡ್ಯ ಶೈಲಿಯ ಚಟಾಕಿಗಳು ರೀಲ್ಸ್‌ನಲ್ಲಿ ಬೀದರಿನವರೆಗೂ ಓಡಿದವು. 'ನಮ್ಮೂರ ಹುಡುಗನಿಗೆ ಮತ ಹಾಕಿ' ಎಂಬ ಫ್ಲೆಕ್ಸು ಹಳ್ಳಿ ಸರ್ಕಲ್ಲಿನಲ್ಲಿ ಏಳುವುದು ಈಗ ಹೊಸದೇನಲ್ಲ. ಆದರೆ ಮಂಡ್ಯದ ಮಾತೆಂದರೆ ನಗಿಸುವ ಮಾತು ಎಂಬ ಒಂದೇ ಅಚ್ಚು ಗಟ್ಟಿಯಾಗುತ್ತಿದೆ. ಅದೇ ಮಾತಿನಲ್ಲಿ ರೈತ ಬೆಳೆ ಲೆಕ್ಕ ಹಾಕುತ್ತಾನೆ, ಅಜ್ಜಿ ಸಾವಿನ ಮನೆಯಲ್ಲಿ ಅಳುತ್ತಾಳೆ. ಪರದೆಗೆ ಅದು ಇನ್ನೂ ಬಂದಿಲ್ಲ.

ವೋಟಿನ ಕತೆ ಚಿಕ್ಕದು. ಮೊದಲು ಎಸ್‌ಎಂಎಸ್, ಈಗ ಆ್ಯಪ್. ಎಸ್‌ಎಂಎಸ್ ಕಾಲದಲ್ಲಿ ಅದು ಪುಕ್ಕಟೆಯಾಗಿರಲಿಲ್ಲ. 2007ರಲ್ಲಿ ಹಿಂದಿಯ ಕೋಟಿ ಆಟದ ಜೊತೆ ವೀಕ್ಷಕರಿಗೂ ಒಂದು ಸ್ಪರ್ಧೆ ನಡೆಸಿ, ಪ್ರತಿ ಎಸ್‌ಎಂಎಸ್‌ಗೆ 2 ರೂಪಾಯಿ 40 ಪೈಸೆ ಪಡೆದರು. ರಾಷ್ಟ್ರೀಯ ಗ್ರಾಹಕ ಆಯೋಗ 1 ಕೋಟಿ ರೂಪಾಯಿ ದಂಡ ಹಾಕಿತು, ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಗೆದ್ದ ಹಣದ ಬಗ್ಗೆ ಮಾತ್ರ ಮನೆಯವರು ಮೊದಲೇ ತಿಳಿದಿರಬೇಕು. ಲಾಟರಿ, ಕುದುರೆ ಪಂದ್ಯದ ಹಣಕ್ಕೆ ಬೀಳುವ ಶೇ 30ರ ತೆರಿಗೆಯೇ ಇದಕ್ಕೂ, ಮೇಲೆ ಸೆಸ್. ಸಂಬಳದ ಆದಾಯಕ್ಕೆ ಸಿಗುವ ಮೂಲ ವಿನಾಯಿತಿ ಇಲ್ಲಿ ಸಿಗುವುದಿಲ್ಲ, ವರ್ಷಕ್ಕೆ ಬೇರೆ ಗಳಿಕೆಯೇ ಇಲ್ಲದ ಕೂಲಿಕಾರನಿಗೂ ಇಲ್ಲ. ಕಾರು, ನಿವೇಶನದಂಥ ಬಹುಮಾನವಾದರೆ ತೆರಿಗೆ ಕಟ್ಟಿದ ಮೇಲೆಯೇ ಅದು ಕೈಗೆ ಬರಬೇಕು ಎಂಬುದು ನಿಯಮ. ಟಿವಿಯಲ್ಲಿ ದೊಡ್ಡ ಚೆಕ್ ಹಿಡಿದು ನಿಂತ ಫೋಟೋ ನೋಡಿ ನೆಂಟರು ಸಾಲ ಕೇಳಲು ಬರುತ್ತಾರೆ. ಬ್ಯಾಂಕಿಗೆ ಬಂದ ಮೊತ್ತ ಅವರಿಗೆ ಕಾಣುವುದಿಲ್ಲ.

ಮಕ್ಕಳ ವಿಷಯಕ್ಕೆ ಕಾನೂನು ತಡವಾಗಿ ಬಂತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದಾಗ ಬಾಲ ಕಲಾವಿದರಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟರು, 2017ರ ನಿಯಮಗಳು ಆ ಷರತ್ತುಗಳನ್ನು ಬಿಡಿಸಿ ಹೇಳಿದವು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೂಡದು. ವಿಶ್ರಾಂತಿಯಿಲ್ಲದೆ 3 ಗಂಟೆ ದಾಟಬಾರದು. ಸತತ 27 ದಿನ ಮೀರಬಾರದು. ಜಿಲ್ಲಾಧಿಕಾರಿಯ ಅನುಮತಿ ಬೇಕು. ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಇಷ್ಟು ಸ್ಪಷ್ಟವಾಗಿ ಬರೆದ ನಿಯಮವನ್ನು ನಾನು ಮಾತಾಡಿಸಿದ ಪೋಷಕರಲ್ಲಿ ಒಬ್ಬರೂ ಕೇಳಿರಲಿಲ್ಲ. ಆಡಿಷನ್ ಸಾಲಿನಲ್ಲಿ ಕಾದ ಹೊತ್ತು ಆ 5 ಗಂಟೆಗೆ ಸೇರುತ್ತದೋ ಇಲ್ಲವೋ ಎಂದು ಕೇಳುವವರೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು 'ಬೇಡ' ಎನ್ನುವುದಿಲ್ಲ. ದಸರಾ ಬಂತೆಂದರೆ ಟಿವಿಯಲ್ಲಿ ಕಂಡ ಹುಡುಗ ಹುಡುಗಿಯರು ಇಲ್ಲಿನ ವೇದಿಕೆಗಳಿಗೆ ಬರುತ್ತಾರೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ 'ಸರಿಗಮಪ ಖ್ಯಾತಿಯ' ಎಂದು ಹೆಸರಿನ ಹಿಂದೆ ಬಿದ್ದರೆ ಸಂಭಾವನೆ ಬೇರೆಯೇ. ಹಾಡೇ ಹೊಟ್ಟೆಪಾಡಾದ ಮನೆಗೆ ಅದು ಚಿಕ್ಕ ಮಾತಲ್ಲ. ಹಾಗಾಗಿ ಸಹಿ ಹಾಕುವ ಮುಂಚೆ ಕಾಗದ ತನ್ನಿ, ಕೂತು ಓದೋಣ ಎನ್ನುತ್ತೇನೆ.

ಕಳೆದ ಸಲ ಮದ್ದೂರು ಕಡೆಯಿಂದ ಒಬ್ಬ ತಾಯಿ ತಂದಿದ್ದರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಶನಿವಾರ ಸಂಜೆ ನಮ್ಮ ಜಗಲಿಯಲ್ಲಿ ಕೂತು ಸಾಲು ಸಾಲಾಗಿ ಕನ್ನಡಕ್ಕೆ ಹೇಳುತ್ತ ಹೋದೆ, ಆಕೆ ಮಗನ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು. ಮಗುವಿನ ದನಿ, ಚಿತ್ರ ಮತ್ತು ಜೀವನಕತೆಯನ್ನು ಬೇಕಾದಂತೆ ಬಳಸಿಕೊಳ್ಳಲು ಒಪ್ಪಿದ್ದೇವೆ ಎಂಬ ಸಾಲು ಬಂದಾಗ ಪೆನ್ನು ನಿಲ್ಲಿಸಿದರು.

'ಕತೆ ಅಂದ್ರೆ ಯಾವ್ ಕತೆ ಮೇಷ್ಟ್ರೆ? ಅವ್ನಪ್ಪಂದಾ?'